ನೆಲ ಭಾರ ನೋಡುತ್ತದೆ, ನೀರು ವೇಗ ನೋಡುತ್ತದೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ದಾಖಲೆಗಳನ್ನು ನೆನಪಿಸಿ ಮಾತು ಶುರು ಮಾಡುತ್ತೇನೆ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರ್ ಓಡಿದ್ದು 9.58 ಸೆಕೆಂಡಿನಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್ಲೆ ಅಷ್ಟೇ ದೂರ ಈಜಿದ್ದು 46.40 ಸೆಕೆಂಡಿನಲ್ಲಿ. ಲೆಕ್ಕ ಹಾಕಿದರೆ ಓಟಗಾರನ ಸರಾಸರಿ ವೇಗ ಗಂಟೆಗೆ 37 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಈಜುಗಾರನದು 8 ಕಿಲೋಮೀಟರ್ ಕೂಡ ಇಲ್ಲ. ಜಗತ್ತಿನ ಅತಿ ವೇಗದ ಈಜುಗಾರನ ಪಕ್ಕದಲ್ಲಿ, ದಡದ ಮೇಲೆ, ನಾವು ನೀವು ನಿಧಾನಕ್ಕೆ ಓಡಿದರೂ ಅವನ ಜೊತೆಗೇ ಇರಬಹುದು.

ಇದಕ್ಕೆ ಎಲ್ಲರ ಬಳಿಯೂ ಒಂದು ಉತ್ತರ ರೆಡಿ ಇರುತ್ತದೆ. "ನೀರಿನಲ್ಲಿ ಘರ್ಷಣೆ ಜಾಸ್ತಿ, ಅದಕ್ಕೇ." ಸರಿ. ಹಾಗಾದರೆ ಇನ್ನೊಂದು ಸಂಗತಿ ಕೇಳಿ. 18ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ತುಂಬ ಸರಕು ಸಾಗಿಸುವ ಕಾಲುವೆಗಳನ್ನು ತೋಡಿದ್ದರು. ಅಂದಿನ ಮಣ್ಣು ರಸ್ತೆಯಲ್ಲಿ ಒಂದು ಕುದುರೆ ಗಾಡಿಯಲ್ಲಿ ಎಳೆಯುತ್ತಿದ್ದ ಸರಕು ಹೆಚ್ಚೆಂದರೆ ಒಂದು ಟನ್ನಿನ ಆಸುಪಾಸು. ಅದೇ ಕುದುರೆ ಕಾಲುವೆಯ ದಂಡೆಯ ಮೇಲೆ ನಡೆಯುತ್ತ, ಹಗ್ಗ ಕಟ್ಟಿದ ದೋಣಿಯಲ್ಲಿ 30 ಟನ್ ಎಳೆಯುತ್ತಿತ್ತು. ನೀರಿನಲ್ಲಿ ಘರ್ಷಣೆ ಜಾಸ್ತಿ ಎಂದಮೇಲೆ ಇದು ಹೇಗೆ ಸಾಧ್ಯ?

ಎರಡೂ ನಿಜ. ನೆಲ ಮತ್ತು ನೀರು ತಡೆಯುವ ರೀತಿಯೇ ಬೇರೆ ಬೇರೆ. ಯಾವುದು ಜಾಸ್ತಿ, ಯಾವುದು ಕಡಿಮೆ ಎಂದು ಕೇಳುವ ಮುಂಚೆ ಯಾವುದರ ಮೇಲೆ ಜಾಸ್ತಿ ಎಂದು ಕೇಳಬೇಕು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ನೆಲ. ಒಂದು ಗಟ್ಟಿ ವಸ್ತು ಇನ್ನೊಂದರ ಮೇಲೆ ಜಾರುವಾಗ ಏನಾಗುತ್ತದೆ ಎಂದು ಅಳೆದು ನೋಡಿದವರಲ್ಲಿ ಮೊದಲಿಗ ಎಂದು ನಮಗೆ ತಿಳಿದಿರುವುದು ಲಿಯೊನಾರ್ಡೊ ಡ ವಿಂಚಿ. 1490ರ ದಶಕದ ಅವನ ಟಿಪ್ಪಣಿ ಪುಸ್ತಕಗಳಲ್ಲಿ ಮರದ ದಿಮ್ಮಿ, ಅದಕ್ಕೆ ಕಟ್ಟಿದ ದಾರ, ರಾಟೆ, ತೂಗುಬಿಟ್ಟ ತೂಕ ಎಲ್ಲದರ ಚಿತ್ರಗಳಿವೆ. ಅವನು ಕಂಡುಕೊಂಡದ್ದು ಎರಡು ವಿಷಯ. ಭಾರ ಎರಡು ಪಟ್ಟಾದರೆ ಘರ್ಷಣೆಯೂ ಎರಡು ಪಟ್ಟು. ದಿಮ್ಮಿಯನ್ನು ಅಗಲ ಮಗ್ಗುಲಿನ ಮೇಲೆ ಮಲಗಿಸಿದರೂ ಕಿರಿದಾದ ಮಗ್ಗುಲಿನ ಮೇಲೆ ನಿಲ್ಲಿಸಿದರೂ ಘರ್ಷಣೆ ಅಷ್ಟೇ. ಅವನು ಇದನ್ನು ಪ್ರಕಟಿಸಲಿಲ್ಲ. 200 ವರ್ಷ ಕಳೆದ ಮೇಲೆ, 1699ರಲ್ಲಿ, ಫ್ರಾನ್ಸಿನ ಗಿಯೋಮ್ ಅಮೊಂಟನ್ ಇದೇ ಎರಡು ನಿಯಮಗಳನ್ನು ಮತ್ತೆ ಕಂಡುಹಿಡಿದ. ಇನ್ನೂ ಸುಮಾರು 80 ವರ್ಷಗಳ ಮೇಲೆ ಕೂಲಂಬ್ ಮೂರನೆಯದನ್ನು ಸೇರಿಸಿದ. ವಸ್ತು ಜಾರಲು ಶುರುವಾದ ಮೇಲೆ ನಿಧಾನಕ್ಕೆ ಜಾರಲಿ, ವೇಗವಾಗಿ ಜಾರಲಿ, ಘರ್ಷಣೆ ಹೆಚ್ಚು ಕಡಿಮೆ ಒಂದೇ. ಹೌದು, ವಿದ್ಯುತ್ತಿನ ಪಾಠದಲ್ಲಿ ಬರುತ್ತಾನಲ್ಲ, ಅದೇ ಕೂಲಂಬ್.

ಅಗಲಕ್ಕೆ ಲೆಕ್ಕವೇ ಇಲ್ಲ ಅನ್ನುವುದು ವಿಚಿತ್ರ ಅನ್ನಿಸುತ್ತದೆ ಅಲ್ವಾ? ಜಾಸ್ತಿ ಜಾಗ ತಾಕಿದರೆ ಜಾಸ್ತಿ ಉಜ್ಜಬೇಕು ತಾನೆ? ಉತ್ತರ ಸಿಕ್ಕಿದ್ದು 20ನೇ ಶತಮಾನದ ನಡುವಿನಲ್ಲಿ. ಕೇಂಬ್ರಿಜ್‌ನಲ್ಲಿ ಬೌಡನ್ ಮತ್ತು ಟೇಬರ್ ಎಂಬ ಇಬ್ಬರು ಇದರ ಹಿಂದೆ ಬಿದ್ದರು. ಎಷ್ಟೇ ನುಣುಪಾಗಿ ಉಜ್ಜಿದ ಲೋಹವಾದರೂ ಸೂಕ್ಷ್ಮವಾಗಿ ನೋಡಿದರೆ ಗುಡ್ಡ, ಕಣಿವೆಗಳೇ. ಒಂದರ ಮೇಲೊಂದು ಇಟ್ಟಾಗ ನಿಜವಾಗಿ ತಾಕುವುದು ಕೆಲವು ಗುಡ್ಡಗಳ ತುದಿಗಳು ಮಾತ್ರ. ಕಣ್ಣಿಗೆ ಕಾಣುವ ಅಗಲದಲ್ಲಿ ತೀರಾ ಚಿಕ್ಕ ಪಾಲು. ಭಾರ ಹೆಚ್ಚಾದರೆ ಆ ತುದಿಗಳು ಇನ್ನಷ್ಟು ಚಪ್ಪಟೆಯಾಗುತ್ತವೆ, ನಿಜವಾಗಿ ತಾಕುವ ಜಾಗ ಹೆಚ್ಚುತ್ತದೆ. ಹಾಗಾಗಿ ಘರ್ಷಣೆಗೂ ಅಗಲಕ್ಕೂ ಸಂಬಂಧ ಇದ್ದೇ ಇದೆ. ಆದರೆ ಅದು ನಾವು ಅಳೆಯುವ ಅಗಲವಲ್ಲ, ಭಾರವೇ ಒತ್ತಿ ಮಾಡಿಕೊಂಡ ಅಗಲ.

ಇನ್ನೊಂದು ಮಾತು. ನಿಂತಿರುವ ವಸ್ತುವನ್ನು ಹೊರಡಿಸಲು ಬೇಕಾದ ಬಲ, ಹೊರಟ ಮೇಲೆ ಜಾರಿಸುತ್ತ ಹೋಗಲು ಬೇಕಾದ ಬಲಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಭಾರದ ಬೀರುವನ್ನು ತಳ್ಳಿದವರಿಗೆಲ್ಲ ಇದು ಗೊತ್ತು. ಮೊದಲು ಅಲುಗುವುದೇ ಇಲ್ಲ. ಆಮೇಲೆ ದಡಕ್ಕನೆ ಮುಂದಕ್ಕೆ ಹೋಗುತ್ತದೆ. ನಿಂತಾಗಿನ ಈ ಘರ್ಷಣೆಯನ್ನು ನೆನಪಿಟ್ಟುಕೊಳ್ಳಿ. ಇದೇ ನಮ್ಮನ್ನು ನಡೆಸುವುದು.

ಯಾಕೆ ಅಂದರೆ, ನಡೆಯುವಾಗ ನಾವು ಕಾಲಿನಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತೇವೆ. ನೆಲ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಆ ತಳ್ಳುವ ಬಲದ ಹೆಸರೇ ಘರ್ಷಣೆ. ಪಾದ ನೆಲದ ಮೇಲೆ ಊರಿದ ಆ ಕ್ಷಣ ಜಾರುತ್ತಿಲ್ಲ, ನಿಂತಿದೆ. ಚಕ್ರವೂ ಹಾಗೇ. ಗಾಡಿ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೂ ಟೈರಿನ ರಸ್ತೆಗೆ ತಾಕಿದ ಭಾಗ ಆ ಕ್ಷಣಕ್ಕೆ ರಸ್ತೆಯ ಮೇಲೆ ಹೆಚ್ಚು ಕಡಿಮೆ ನಿಶ್ಚಲ. ಬ್ರೇಕ್ ಗಟ್ಟಿಯಾಗಿ ಒತ್ತಿ ಚಕ್ರ ಲಾಕ್ ಆದರೆ ಟೈರು ಜಾರತೊಡಗುತ್ತದೆ, ದೊಡ್ಡ ಘರ್ಷಣೆ ಹೋಗಿ ಚಿಕ್ಕದು ಬರುತ್ತದೆ. ಅದಕ್ಕಿಂತ ಕೆಟ್ಟದ್ದು, ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಎಬಿಎಸ್ ಮಾಡುವುದು ಇಷ್ಟೇ. ಚಕ್ರ ಲಾಕ್ ಆಗುವ ಹಂತಕ್ಕೆ ಬಂದಾಗ ಬ್ರೇಕನ್ನು ಒಂದು ಚೂರು ಬಿಟ್ಟು, ಮತ್ತೆ ಹಿಡಿದು, ಚಕ್ರ ಉರುಳುತ್ತಿರುವಂತೆ ನೋಡಿಕೊಳ್ಳುತ್ತದೆ.

ಇಲ್ಲಿ ಒಂದು ಲೆಕ್ಕ ಮಾಡೋಣ. ಒಣ ಟಾರು ರಸ್ತೆಯಲ್ಲಿ ಟೈರಿನ ಘರ್ಷಣಾ ಗುಣಾಂಕ ಸುಮಾರು 0.8 ಅಂದುಕೊಳ್ಳಿ. ಅಂದರೆ ಟೈರಿನ ಮೇಲಿರುವ ಭಾರದ ನೂರಕ್ಕೆ 80 ಪಾಲಿನಷ್ಟು ಬಲ ಸಿಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ, ಬ್ರೇಕ್ ಹಿಡಿದ ಮೇಲೆ, ಸುಮಾರು 18 ಮೀಟರಿನಲ್ಲಿ ನಿಲ್ಲುತ್ತದೆ. ರಸ್ತೆ ಒದ್ದೆಯಾಗಿ ಗುಣಾಂಕ 0.4ಕ್ಕೆ ಇಳಿದರೆ 35 ಮೀಟರ್ ಬೇಕು. ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ, 0.1 ಇದ್ದರೆ, 140 ಮೀಟರ್. ವೇಗ 120 ಆದರೆ ಈ ಮೂರೂ ದೂರಗಳು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತವೆ. ಈ ಲೆಕ್ಕದಲ್ಲಿ ಗಾಡಿಯ ತೂಕ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ತೂಕ ಜಾಸ್ತಿಯಾದರೆ ನಿಲ್ಲಿಸುವ ಕಷ್ಟವೂ ಜಾಸ್ತಿ, ಹಿಡಿಯುವ ಘರ್ಷಣೆಯೂ ಜಾಸ್ತಿ. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ದೊಡ್ಡ ಲಾರಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುವುದಕ್ಕೆ ಅದರ ಬ್ರೇಕಿನ ವ್ಯವಸ್ಥೆ, ಟೈರಿನ ರಬ್ಬರು ಇಂಥ ಬೇರೆ ಕಾರಣಗಳಿವೆ.

ಉರುಳುವುದರಲ್ಲೂ ತಡೆ ಇದೆ, ಆದರೆ ಅದು ಉಜ್ಜುವ ತಡೆಯಲ್ಲ. ಟೈರು ನೆಲಕ್ಕೆ ತಾಕಿದಲ್ಲಿ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಹಾಗೆ ಮಾಡುವಾಗ ರಬ್ಬರು ಬಿಸಿಯಾಗಿ ಒಂದಿಷ್ಟು ಶಕ್ತಿ ನಷ್ಟವಾಗುತ್ತದೆ. ಕಾರಿನ ಟೈರಿನಲ್ಲಿ ಈ ತಡೆ ಭಾರದ ನೂರರಲ್ಲಿ ಒಂದು ಪಾಲಿನಷ್ಟು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಚಪ್ಪಟೆಯಾಗುವುದು ತೀರಾ ಕಡಿಮೆ, ಅಲ್ಲಿ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಗೂಡ್ಸ್ ರೈಲು ಅಷ್ಟು ಕಡಿಮೆ ಇಂಧನದಲ್ಲಿ ಅಷ್ಟು ಭಾರ ಎಳೆಯುವುದರ ಗುಟ್ಟು ಇದೇ. ಆದರೆ ನುಣುಪಿಗೂ ಬೆಲೆ ಇದೆ. ಹಳಿ ಒದ್ದೆಯಾದರೆ, ಅದರ ಮೇಲೆ ಎಲೆ ಬಿದ್ದು ಜಿಡ್ಡು ಕಟ್ಟಿದರೆ ಚಕ್ರಕ್ಕೆ ಹಿಡಿತ ಸಿಗದೆ ನಿಂತಲ್ಲೇ ತಿರುಗುತ್ತದೆ. ಅದಕ್ಕೇ ರೈಲು ಎಂಜಿನ್ನುಗಳಲ್ಲಿ ಮರಳಿನ ಪೆಟ್ಟಿಗೆ ಇರುತ್ತದೆ. ಕಂಪ್ಯೂಟರ್ ಇರುವ ಇಂದಿನ ಎಂಜಿನ್ನೂ ಚಕ್ರದ ಮುಂದೆ ಮರಳು ಉದುರಿಸಿಕೊಂಡೇ ಹೋಗುತ್ತದೆ. ಇದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ.

ಮರಳೆಂದಾಗ ಈಜಿಪ್ಟ್ ನೆನಪಾಗುತ್ತದೆ. ಜೆಹುತಿಹೊಟೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ, ಸುಮಾರು 3,900 ವರ್ಷ ಹಳೆಯದು, ಒಂದು ಚಿತ್ರವಿದೆ. ನೂರಾರು ಆಳುಗಳು ಜಾರುಬಂಡಿಯ ಮೇಲಿಟ್ಟ ಭಾರೀ ವಿಗ್ರಹವನ್ನು ಹಗ್ಗದಿಂದ ಎಳೆಯುತ್ತಿದ್ದಾರೆ. ಬಂಡಿಯ ಮುಂಭಾಗದಲ್ಲಿ ನಿಂತ ಒಬ್ಬ ನೆಲಕ್ಕೆ ಏನೋ ಸುರಿಯುತ್ತಿದ್ದಾನೆ. ಅದು ಪೂಜೆಯ ವಿಧಿ ಎಂದು ಕೆಲವರು ಅಂದುಕೊಂಡಿದ್ದರು. 2014ರಲ್ಲಿ ಆಮ್ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಚಿಕ್ಕ ಬಂಡಿ ಮಾಡಿ ಮರಳಿನ ಮೇಲೆ ಎಳೆದು ನೋಡಿದರು. ಒಣ ಮರಳು ಬಂಡಿಯ ಮುಂದೆ ಗುಡ್ಡೆಯಾಗಿ ನಿಲ್ಲುತ್ತದೆ. ಹದವಾಗಿ ನೀರು ಹಾಕಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಮರಳು ಗಟ್ಟಿಯಾಗುತ್ತದೆ, ಎಳೆಯುವ ಬಲ ಅರ್ಧಕ್ಕೆ ಇಳಿಯುತ್ತದೆ. ನೀರು ಜಾಸ್ತಿಯಾದರೆ ಮತ್ತೆ ಕಷ್ಟ. ಆ ಸುರಿಯುವವನ ಕೆಲಸ ನಾವಂದುಕೊಂಡದ್ದಕ್ಕಿಂತ ನಾಜೂಕಾಗಿತ್ತು.

ಈಗ ನೆಲದಿಂದ ನೀರಿಗೆ ದಾಟಬೇಕು. ನಡುವೆ ಒಂದು ಸೇತುವೆ ಇದೆ, ಅದು ಎಣ್ಣೆ. 1880ರ ದಶಕದ ಶುರುವಿನಲ್ಲಿ ಬೋಶಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲು ಗಾಡಿಯ ಅಚ್ಚಿನ ಬೇರಿಂಗುಗಳನ್ನು, ಅಂದರೆ ತಿರುಗುವ ಅಚ್ಚಿನ ಮೇಲೆ ಕೂರುವ ಲೋಹದ ಭಾಗಗಳನ್ನು, ಪರೀಕ್ಷೆ ಮಾಡುತ್ತಿದ್ದ. ಎಣ್ಣೆ ಬಿಡಲು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಅಚ್ಚು ತಿರುಗಿದಾಗ ಆ ತೂತಿನಿಂದ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಬಂತು. ಬಿರಡೆ ಹಾಕಿದ, ಅದನ್ನೂ ಎಣ್ಣೆ ಹೊರಕ್ಕೆ ತಳ್ಳಿತು. ಮರದ ಬೆಣೆ ಬಡಿದ, ಅದೂ ಎದ್ದು ಬಂತು. ಕೊನೆಗೆ ಒತ್ತಡ ಅಳೆಯುವ ಮಾಪಕ ಕೂರಿಸಿ ನೋಡಿದರೆ, ಬೇರಿಂಗಿನ ಮೇಲಿದ್ದ ಸರಾಸರಿ ಒತ್ತಡಕ್ಕಿಂತ ಎಣ್ಣೆಯ ಒತ್ತಡವೇ ಬಹಳ ಜಾಸ್ತಿ. ಅರ್ಥ ಏನು? ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು ಸಂದಿಗೆ ನುಗ್ಗಿಸುತ್ತಿತ್ತು. ಆ ಎಣ್ಣೆ ಇಡೀ ಭಾರವನ್ನು ಎತ್ತಿ ಹಿಡಿದಿತ್ತು. ಲೋಹಕ್ಕೆ ಲೋಹ ತಾಕುತ್ತಲೇ ಇರಲಿಲ್ಲ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬಿಡಿಸಿಟ್ಟ.

ಎಣ್ಣೆ ಜಾರಿಸುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಿಜವಾಗಿ ಎಣ್ಣೆ ಮಾಡುವುದು ಗಟ್ಟಿ ವಸ್ತುವಿನ ಘರ್ಷಣೆಯನ್ನು ತೆಗೆದು ಆ ಜಾಗದಲ್ಲಿ ದ್ರವದ ಘರ್ಷಣೆಯನ್ನು ತಂದಿಡುವುದು. ಮಳೆಯಲ್ಲಿ ಕಾರು ವೇಗವಾಗಿ ಹೋದಾಗ ಟೈರಿನ ಅಡಿಗೆ ನೀರು ನುಗ್ಗಿ ಗಾಡಿಯನ್ನೇ ಎತ್ತಿಬಿಡುತ್ತದಲ್ಲ, ಅದೂ ಇದೇ ಕೆಲಸ. ಬೇರಿಂಗಿನಲ್ಲಿ ನಮಗೆ ಬೇಕಾದದ್ದು, ರಸ್ತೆಯಲ್ಲಿ ಬೇಡವಾದದ್ದು.

ದ್ರವದ ಘರ್ಷಣೆಗೆ ಒಂದು ದೊಡ್ಡ ಗುಣವಿದೆ. ಅದರಲ್ಲಿ ಹೊರಡಿಸುವ ಕಷ್ಟವೇ ಇಲ್ಲ. ವೇಗ ಸೊನ್ನೆಯಾದರೆ ತಡೆಯೂ ಸೊನ್ನೆ. ಗಾಳಿ, ಅಲೆ, ಕಟ್ಟಿದ ಹಗ್ಗ ಏನೂ ಇಲ್ಲದ ನಿಂತ ನೀರಿನಲ್ಲಿ 1000 ಟನ್ನಿನ ಹಡಗು ಇದೆ ಅಂದುಕೊಳ್ಳಿ. ಒಬ್ಬ ಮನುಷ್ಯ ದಡದಲ್ಲಿ ನಿಂತು 20 ಕಿಲೋ ತೂಕದಷ್ಟು ಬಲ ಹಾಕಿ ತಳ್ಳಿದರೆ ಅದು ಹೊರಡುತ್ತದೆ. ಒಂದು ನಿಮಿಷ ಬಿಡದೆ ತಳ್ಳಿದರೆ ಸುಮಾರು ಒಂದು ಅಡಿ ಸರಿದಿರುತ್ತದೆ. ಅದೇ ಹಡಗನ್ನು ನೆಲದ ಮೇಲೆ ಇಟ್ಟು ತಳ್ಳಿ ನೋಡಿ. ಗುಣಾಂಕ 0.5 ಆದರೆ 500 ಟನ್ ಬಲ ಬೇಕು. 499 ಟನ್ ಹಾಕಿದರೂ ಅದು ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಕುದುರೆಯ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ನೆಲ ಭಾರಕ್ಕೆ ಲೆಕ್ಕ ಕೇಳುತ್ತದೆ, ವೇಗಕ್ಕೆ ಅಷ್ಟಾಗಿ ಕೇಳುವುದಿಲ್ಲ. ನೀರು ವೇಗಕ್ಕೆ ಕೇಳುತ್ತದೆ. ಕಾಲುವೆಯ ಕುದುರೆ ನಡೆಯುವ ವೇಗದಲ್ಲಿ ಹೋಗುತ್ತಿತ್ತು, ಹಾಗಾಗಿ 30 ಟನ್ ಅದಕ್ಕೆ ಹೊರೆಯಾಗಲಿಲ್ಲ. ಅದೇ ದೋಣಿಯನ್ನು ಕುದುರೆ ಓಡುವ ವೇಗದಲ್ಲಿ ಎಳೆ ಎಂದಿದ್ದರೆ ಕಥೆ ಬೇರೆ.

ನೀರಿನ ತಡೆ ವೇಗದ ಜೊತೆ ಎಷ್ಟು ಏರುತ್ತದೆ? ದೋಣಿ, ಹಡಗು, ಮನುಷ್ಯನಂಥ ದೊಡ್ಡ ವಸ್ತುಗಳಿಗೆ ಹೆಚ್ಚು ಕಡಿಮೆ ವೇಗದ ವರ್ಗದಷ್ಟು. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಎಂಜಿನ್ನು ಕೊಡಬೇಕಾದ ಶಕ್ತಿ ಎಂಟು ಪಟ್ಟು, ಯಾಕೆಂದರೆ ನಾಲ್ಕು ಪಟ್ಟು ಬಲವನ್ನು ಎರಡು ಪಟ್ಟು ವೇಗದಲ್ಲಿ ಹಾಕಬೇಕು. ಇದನ್ನೇ ತಿರುಗಿಸಿ ನೋಡಿ. ಹಡಗು ತನ್ನ ವೇಗವನ್ನು ನೂರಕ್ಕೆ 10ರಷ್ಟು ಇಳಿಸಿದರೆ ಎಂಜಿನ್ನಿನ ಮೇಲಿನ ಹೊರೆ ಸುಮಾರು 27 ಪಾಲು ಇಳಿಯುತ್ತದೆ. ಪ್ರಯಾಣಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ ನಿಜ. ಅದನ್ನು ಕಳೆದರೂ ಅಷ್ಟೇ ದೂರಕ್ಕೆ 19 ಪಾಲು ಇಂಧನ ಉಳಿಯುತ್ತದೆ. 2008ರ ಆರ್ಥಿಕ ಕುಸಿತದ ಆಮೇಲೆ ಸರಕು ಹಡಗಿನ ಕಂಪನಿಗಳು ಬೇಕೆಂದೇ ನಿಧಾನ ಹೋಗತೊಡಗಿದ್ದು ಈ ಲೆಕ್ಕದಿಂದ.

ಈ ತಡೆ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ನೋಡಿದವನು ವಿಲಿಯಂ ಫ್ರೂಡ್. 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕೀಯಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ ಅದರಲ್ಲಿ ತೆಳು ಹಲಗೆಗಳನ್ನೂ ಮೇಣದ ಹಡಗಿನ ಮಾದರಿಗಳನ್ನೂ ಎಳೆದು ಎಳೆದು ಅಳೆದ. ಹಡಗಿನ ಮೈಗೆ ನೀರು ಉಜ್ಜುವುದು ಒಂದು ಪಾಲು. ಹಡಗು ಎಬ್ಬಿಸುವ ಅಲೆಗಳಿಗೆ ಹೋಗುವ ಶಕ್ತಿ ಇನ್ನೊಂದು ಪಾಲು. ಇವೆರಡೂ ಬೇರೆ ಬೇರೆ ನಿಯಮಗಳಿಗೆ ಒಳಪಟ್ಟಿವೆ, ಹಾಗಾಗಿ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಬೇಕು ಎಂದು ಅವನು ತೋರಿಸಿದ. ಇವತ್ತಿಗೂ ಹಡಗು ಕಟ್ಟುವ ಮುಂಚೆ ತೊಟ್ಟಿಯಲ್ಲಿ ಮಾದರಿ ಎಳೆದು ನೋಡುತ್ತಾರೆ.

ನೀರು ಉಜ್ಜುವುದು ಅಂದೆನಲ್ಲ, ಅದರಲ್ಲೊಂದು ಸ್ವಾರಸ್ಯ ಇದೆ. ಹಡಗಿನ ಮೈಗೆ ತಾಕಿದ ನೀರು ಜಾರುವುದೇ ಇಲ್ಲ, ಮೈಗೆ ಅಂಟಿಕೊಂಡು ಹಡಗಿನ ಜೊತೆಗೇ ಬರುತ್ತದೆ. ಅದರ ಆಚೆಯ ಪದರ ಸ್ವಲ್ಪ ಹಿಂದೆ, ಅದರಾಚೆಯದು ಇನ್ನೂ ಹಿಂದೆ, ಇಸ್ಪೀಟೆಲೆಯ ಕಟ್ಟನ್ನು ಓರೆಯಾಗಿ ತಳ್ಳಿದ ಹಾಗೆ. ಉಜ್ಜಾಟವೆಲ್ಲ ನೀರು ನೀರಿನ ನಡುವೆಯೇ. ಈ ತೆಳು ಪದರದಲ್ಲೇ ಎಲ್ಲ ನಡೆಯುತ್ತದೆ ಎಂದು 1904ರಲ್ಲಿ ಲುಡ್ವಿಗ್ ಪ್ರಾಂಟ್ಲ್ ಹೇಳಿದ. ಅದಕ್ಕೂ ಮುಂಚಿನ ಅನೇಕ ಗಣಿತಜ್ಞರು ಸ್ನಿಗ್ಧತೆಯನ್ನು, ಅಂದರೆ ದ್ರವದ ಪದರಗಳು ಹೀಗೆ ಒಂದನ್ನೊಂದು ಹಿಡಿದೆಳೆಯುವ ಗುಣವನ್ನು, ಪೂರ್ತಿ ಬಿಟ್ಟು ಲೆಕ್ಕ ಮಾಡುತ್ತಿದ್ದರು. ಅವರ ಲೆಕ್ಕದಲ್ಲಿ ನೀರಿನ ತಡೆ ಸೊನ್ನೆ ಬರುತ್ತಿತ್ತು! ಕಾಗದದ ಮೇಲೆ ಎಲ್ಲ ಸರಿ, ದೋಣಿ ಹುಟ್ಟು ಹಾಕುವವನಿಗೆ ಮಾತ್ರ ತೋಳು ನೋವು.

ನಿಧಾನಕ್ಕೆ ಹೋಗುವ ದೊಡ್ಡ ತೈಲ ಹಡಗುಗಳಲ್ಲಿ ತಡೆಯ ಬಹುಪಾಲು ಈ ಉಜ್ಜಾಟದ್ದೇ. ಹಾಗಾಗಿ ಹಡಗಿನ ತಳ ನುಣುಪಾಗಿರಬೇಕು. ಆದರೆ ಸಮುದ್ರದಲ್ಲಿ ತಳಕ್ಕೆ ಪಾಚಿ ಹಿಡಿಯುತ್ತದೆ, ಚಿಪ್ಪಿನ ಪ್ರಾಣಿಗಳು ಕಚ್ಚಿಕೊಳ್ಳುತ್ತವೆ. 18ನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯಿತು. 20ನೇ ಶತಮಾನದಲ್ಲಿ ತವರದ ಸಂಯುಕ್ತ ಬೆರೆಸಿದ ಬಣ್ಣ ಬಂತು. ಅದು ಚಿಪ್ಪಿಗಳನ್ನು ದೂರ ಇಟ್ಟಿತು. ಜೊತೆಗೆ ಸಮುದ್ರದ ಬಸವನಹುಳು, ಸಿಂಪಿಗಳಿಗೂ ವಿಷವಾಯಿತು. 2001ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದು ಅದನ್ನು ನಿಷೇಧಿಸಿತು. ಈಗ ಕೆಲವು ಹಡಗುಗಳು ತಳದಲ್ಲಿ ಗಾಳಿಯ ಗುಳ್ಳೆಗಳನ್ನು ಬಿಡುತ್ತವೆ, ನೀರು ಕಡಿಮೆ ಉಜ್ಜಲಿ ಎಂದು. ಎಂಪರರ್ ಪೆಂಗ್ವಿನ್ ಈ ಕೆಲಸ ಮೊದಲೇ ಕಲಿತಿದೆ. ನೀರಿನಿಂದ ಮಂಜುಗಡ್ಡೆಯ ಮೇಲಕ್ಕೆ ಹಾರುವ ಮುಂಚೆ ಗರಿಗಳಲ್ಲಿ ಹಿಡಿದಿಟ್ಟ ಗಾಳಿಯನ್ನು ಗುಳ್ಳೆಗಳಾಗಿ ಬಿಡುತ್ತ ರಭಸದಿಂದ ಮೇಲೆ ಬರುತ್ತದೆ.

ಈಗ ನಮ್ಮ ಈಜುಗಾರ. ನೀರು ಗಾಳಿಗಿಂತ 800 ಪಟ್ಟು ಸಾಂದ್ರ. ಅವನ ಭುಜ, ತಲೆ, ಸೊಂಟ ಎಲ್ಲವೂ ನೀರನ್ನು ಪಕ್ಕಕ್ಕೆ ತಳ್ಳಬೇಕು, ಅಲೆ ಎಬ್ಬಿಸಬೇಕು. ಅದು ಅರ್ಧ ಕಥೆ. ಉಳಿದ ಅರ್ಧವನ್ನು ಜನ ಮರೆಯುತ್ತಾರೆ. ಓಡುವವನು ನೆಲವನ್ನು ತಳ್ಳಿದಾಗ ನೆಲ ಹಿಂದಕ್ಕೆ ಹೋಗುವುದಿಲ್ಲ. ಈಜುವವನು ನೀರನ್ನು ತಳ್ಳಿದಾಗ ನೀರು ಹಿಂದಕ್ಕೆ ಹೋಗಿಬಿಡುತ್ತದೆ. ಅವನ ಶ್ರಮದ ಒಂದು ಪಾಲು ನೀರನ್ನು ಓಡಿಸುವುದರಲ್ಲೇ ಖರ್ಚು. ಅಂಗೈಯನ್ನು ನೀರಿಗೆ ಅಡ್ಡ ಹಿಡಿದಾಗ ಸಿಗುವ ತಡೆಯೇ ಅವನ ಹಿಡಿತ. ಅಂದರೆ ಅವನಿಗೆ ಮೈಗೆ ತಡೆ ಬೇಡ, ಕೈಗೆ ತಡೆ ಬೇಕು. ಮನುಷ್ಯರನ್ನು ತೆಳ್ಳಗಿನ ಉದ್ದನೆಯ ದೋಣಿಯಲ್ಲಿ ಕೂರಿಸಿ ಅಗಲ ಹುಟ್ಟು ಕೊಟ್ಟರೆ ಇವೆರಡೂ ಸಿಗುತ್ತವೆ. ಎಂಟು ಮಂದಿಯ ಸ್ಪರ್ಧಾ ದೋಣಿ 2000 ಮೀಟರನ್ನು ಸುಮಾರು ಐದೂವರೆ ನಿಮಿಷದಲ್ಲಿ ಮುಗಿಸುತ್ತದೆ, ಗಂಟೆಗೆ 22 ಕಿಲೋಮೀಟರಿನ ಹತ್ತಿರ. ಅದೇ ನೀರು, ಅದೇ ಮನುಷ್ಯರ ಸ್ನಾಯು.

ಈಜುಡುಗೆಯ ಗಲಾಟೆ ನಿಮಗೆ ನೆನಪಿರಬಹುದು. 2008, 2009ರಲ್ಲಿ ಪಾಲಿಯುರೆಥೇನ್ ಹಾಕಿದ ಉಡುಗೆಗಳು ಬಂದವು. ಮೈಯನ್ನು ಬಿಗಿಹಿಡಿದು ತೇಲಿಸುತ್ತಿದ್ದವು, ನೀರಿನ ತಡೆ ಇಳಿಸುತ್ತಿದ್ದವು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ ಒಂದರಲ್ಲೇ 43 ವಿಶ್ವ ದಾಖಲೆಗಳಾದವು. 2010ರ ಜನವರಿಯಿಂದ ಅವುಗಳಿಗೆ ನಿಷೇಧ ಬಿತ್ತು. ರೋಮ್‌ನಲ್ಲಿ ಸೀಸರ್ ಸಿಯೆಲೊ 100 ಮೀಟರಿನಲ್ಲಿ ಮಾಡಿದ 46.91 ಸೆಕೆಂಡಿನ ದಾಖಲೆಯನ್ನು ಮಾಮೂಲಿ ಬಟ್ಟೆಯ ಈಜುಡುಗೆಯಲ್ಲಿ ಮುರಿಯಲು 2022ರವರೆಗೆ ಕಾಯಬೇಕಾಯಿತು.

ದೊಡ್ಡ ವಸ್ತುಗಳಿಗೆ ಹೀಗೆ ಎಂದೆ. ತೀರಾ ಚಿಕ್ಕವಕ್ಕೆ ನೀರು ಬೇರೆಯೇ ಲೋಕ. ಬ್ಯಾಕ್ಟೀರಿಯಾ ಗಾತ್ರಕ್ಕೆ ಇಳಿದರೆ ನೀರಿನ ಸ್ನಿಗ್ಧತೆಯೇ ಸರ್ವಸ್ವ, ಜಡತ್ವಕ್ಕೆ ಬೆಲೆಯೇ ಇಲ್ಲ. ಎಡ್ವರ್ಡ್ ಪರ್ಸೆಲ್ ಎಂಬ ಭೌತವಿಜ್ಞಾನಿ 1970ರ ದಶಕದಲ್ಲಿ ಒಂದು ಲೆಕ್ಕ ಕೊಟ್ಟ. ಈಜುತ್ತಿರುವ ಬ್ಯಾಕ್ಟೀರಿಯಾ ಒಮ್ಮೆಲೇ ಈಜುವುದನ್ನು ನಿಲ್ಲಿಸಿದರೆ, ಅದು ಮುಂದಕ್ಕೆ ಸಾಗುವ ದೂರ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಅಲ್ಲಿ ಕೈ ಹಿಂದೆ ಮುಂದೆ ಆಡಿಸಿ ಈಜಲು ಆಗುವುದಿಲ್ಲ. ಮುಂದಕ್ಕೆ ಹೋದಷ್ಟೇ ಹಿಂದಕ್ಕೆ ಬಂದುಬಿಡುತ್ತದೆ. ಅದಕ್ಕೇ ಎಷ್ಟೋ ಬ್ಯಾಕ್ಟೀರಿಯಾಗಳು ಸುರುಳಿಯಾದ ಬಾಲವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತ ಹೋಗುತ್ತವೆ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ಸರ್, ಹಾಗಾದರೆ ಹಡಗಿಗೆ ಬ್ರೇಕ್ ಇದೆಯಾ?"

ಇಲ್ಲ. ಬ್ರೇಕ್ ಹಿಡಿಯಲು ಏನಾದರೂ ನಿಂತ ವಸ್ತು ಬೇಕು, ನೀರು ಹಾಗೆ ನಿಲ್ಲುವುದಿಲ್ಲ. ತಳದ ಪಂಖವನ್ನು ಹಿಮ್ಮುಖವಾಗಿ ತಿರುಗಿಸಿ ನೀರನ್ನು ಮುಂದಕ್ಕೆ ತಳ್ಳುವುದೊಂದೇ ದಾರಿ. ಹಾಗೆ ಪೂರ್ತಿ ಶಕ್ತಿ ಹಾಕಿದಾಗ ಹಡಗು ತನ್ನ ಉದ್ದದ 15 ಪಟ್ಟು ದೂರದೊಳಗೆ ನಿಲ್ಲಬೇಕು ಎಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಮಾನದಂಡ ಹೇಳುತ್ತದೆ. ತೀರಾ ದೊಡ್ಡ ಹಡಗುಗಳಿಗೆ 20 ಪಟ್ಟಿನವರೆಗೆ ಸಡಿಲಿಕೆ ಇದೆ. 330 ಮೀಟರಿನ ತೈಲ ಹಡಗಿಗೆ ಅದು ಸುಮಾರು 5ರಿಂದ 6.6 ಕಿಲೋಮೀಟರ್. ಎಂಜಿನ್ ಆಫ್ ಮಾಡಿ ನೀರಿನ ತಡೆಗೇ ಬಿಟ್ಟರೆ ಇನ್ನೂ ಕಷ್ಟ. ಮೊದಮೊದಲು ವೇಗ ಚೆನ್ನಾಗಿ ಇಳಿಯುತ್ತದೆ. ವೇಗ ಅರ್ಧವಾದಾಗ ತಡೆ ಕಾಲು ಭಾಗ ಆಗಿರುತ್ತದೆ, ವೇಗ ಮತ್ತೆ ಅರ್ಧವಾದರೆ ಹದಿನಾರನೇ ಒಂದು ಭಾಗ. ನೆಲದ ಮೇಲಿನ ಗಾಡಿಯನ್ನು ಘರ್ಷಣೆ ಕೊನೆಯ ಕ್ಷಣದವರೆಗೂ ಅದೇ ಬಲದಿಂದ ಹಿಡಿದು ನಿಲ್ಲಿಸುತ್ತದೆ. ಹಡಗು ನಿಧಾನವಾದಷ್ಟೂ ಅದನ್ನು ನಿಲ್ಲಿಸುವ ಬಲವೂ ಕಡಿಮೆಯಾಗುತ್ತ ಹೋಗುತ್ತದೆ. ಅದಕ್ಕೇ ಬಂದರಿನಲ್ಲಿ ಆ ಕೊನೆಯ ಚೂರು ವೇಗವನ್ನು ಇಳಿಸಲು ಟಗ್ ದೋಣಿಗಳು ಬರುತ್ತವೆ, ಆಮೇಲೆ ಹಗ್ಗ ಎಸೆದು ದಡದ ಕಂಬಕ್ಕೆ ಸುತ್ತುತ್ತಾರೆ. ಕಂಬಕ್ಕೆ ಸುತ್ತಿದ ಹಗ್ಗ ಬಿಗಿಯಾಗಿ ಹಿಡಿಯುವುದು ಮತ್ತೆ ಒಣ ಘರ್ಷಣೆಯಿಂದಲೇ.